ಉಂಟರ್‌ಲಿಂಡೆನ್ ಮ್ಯೂಸಿಯಂ, ಕೊಲ್ಮಾರ್: ಒಂದೇ ಒಂದು ಚಿತ್ರಕ್ಕಾಗಿ ಹೋಗಿಬನ್ನಿ

ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೇನೆ. ಎಲ್ಲರಿಗೂ ಹಿಡಿಸುವ ಜಾಗ ಇದಲ್ಲ ಅಂತಲೂ ಮೊದಲೇ ಹೇಳಿಬಿಡುತ್ತೇನೆ. ಊಟ ಮಾಡಿ ನೇರ ಹೋಗಬೇಡಿ. ಪುಟ್ಟ ಮಕ್ಕಳಿದ್ದರೆ ಮುಂದೆ ಬರೆದಿರುವುದನ್ನು ಓದಿ ಆಮೇಲೆ ತೀರ್ಮಾನ ಮಾಡಿ.

ಕೊಲ್ಮಾರ್ ಇರುವುದು ಫ್ರಾನ್ಸಿನ ಅಲ್ಸಾಸ್‌ನಲ್ಲಿ. ನನ್ನ ಮಗಳು, ಅಳಿಯ ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಅಲ್ಲಿಂದ ರೈಲು ಹತ್ತಿದರೆ ಒಂದು ಗಂಟೆಯೂ ಬೇಡ. ನಮ್ಮವರು ಕೊಲ್ಮಾರಿಗೆ ಹೋಗುವುದು ಬಣ್ಣಬಣ್ಣದ ಮರದ ಚೌಕಟ್ಟಿನ ಮನೆಗಳ ಮುಂದೆ ಫೋಟೋ ತೆಗೆಸಿಕೊಳ್ಳಲು, ಡಿಸೆಂಬರಿನಲ್ಲಾದರೆ ಕ್ರಿಸ್ಮಸ್ ಸಂತೆಗೆ. ಮ್ಯೂಸಿಯಂ ಬಾಗಿಲ ತನಕ ಬಂದು, ಒಳಗೇನಿದೆ ಅಂತ ತಿಳಿಯದೆ ವಾಪಸ್ ಹೋದವರನ್ನು ನಾನೇ ಬಲ್ಲೆ.

ಕಟ್ಟಡ ಹದಿಮೂರನೇ ಶತಮಾನದ ಡೊಮಿನಿಕನ್ ಸನ್ಯಾಸಿನಿಯರ ಮಠ. ಮ್ಯೂಸಿಯಂ ಆಗಿ ತೆರೆದದ್ದು 1853ರಲ್ಲಿ. ಹೊಸ ಭಾಗವನ್ನು ಕಟ್ಟಿದವರು ಬಾಸೆಲ್‌ನ ಹೆರ್ಜೋಗ್ ಮತ್ತು ಡಿ ಮ್ಯೂರಾನ್, ಬೀಜಿಂಗ್ ಒಲಿಂಪಿಕ್ಸಿನ ಹಕ್ಕಿಗೂಡಿನ ಸ್ಟೇಡಿಯಂ ವಿನ್ಯಾಸ ಮಾಡಿದವರೇ. ಹೊಸ ಭಾಗ ಚೆನ್ನಾಗಿದೆ, ಆಧುನಿಕ ಚಿತ್ರಗಳಿವೆ. ನಾನು ಅಲ್ಲಿ ಹೆಚ್ಚು ನಿಲ್ಲಲಿಲ್ಲ. ನೀವು ಟಿಕೆಟ್ ತೆಗೆದುಕೊಂಡ ಮೇಲೆ ಕಾಲಲ್ಲಿ ಶಕ್ತಿ ಇರುವಾಗಲೇ ಹಳೆಯ ಚಾಪೆಲ್‌ಗೆ ಹೋಗಿ. ನಾನು ಹೇಳುವ ಶಿಲುಬೆಯ ಚಿತ್ರ ಸೇರಿರುವ ಈಸನ್‌ಹೈಮ್ ಆಲ್ಟರ್, ಅಂದರೆ ಯಜ್ಞವೇದಿಯ ಮೇಲೆ ನಿಲ್ಲಿಸುವ ಚಿತ್ರಫಲಕಗಳ ಜೋಡಣೆ, ಇರುವುದು ಅಲ್ಲಿ.

ನನ್ನ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ವಿಮರ್ಶೆ ಅರ್ಥವಾಗುವುದಿಲ್ಲ. ನಾನು ನಿವೃತ್ತ ನರ್ಸ್. ಉಡುಪಿ ಕಡೆ ಹೆರಿಗೆ ವಾರ್ಡು, ಸರ್ಜಿಕಲ್ ವಾರ್ಡು ಎರಡರಲ್ಲೂ ಕೆಲಸ ಮಾಡಿದವಳು. ನಮ್ಮದು ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಕ್ರೈಸ್ತ ಕುಟುಂಬ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನ್ನಿನವರು ಶಾಲೆ, ಅಚ್ಚುಕೂಟ, ನೇಯ್ಗೆ, 1865ರ ಹೊತ್ತಿಗೆ ಹಂಚಿನ ಕಾರ್ಖಾನೆ ಎಲ್ಲ ಶುರು ಮಾಡಿದರಲ್ಲ, ನಮ್ಮ ಅಜ್ಜ ಆ ಹಂಚಿನ ಕಾರ್ಖಾನೆಯವರು. ನಮ್ಮ ದೇವಾಲಯಗಳಲ್ಲಿ ಶಿಲುಬೆ ಇರುತ್ತದೆ, ಶಿಲುಬೆಯ ಮೇಲೆ ಯೇಸುಸ್ವಾಮಿಯ ಮೈ ಇರುವುದಿಲ್ಲ. ಎದ್ದು ಹೋದವರು, ಇನ್ನೂ ಅಲ್ಲೇಕೆ ಇರಬೇಕು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗಾಗಿ ಶುಭ ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಕಾಲ ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ವಾಕ್ಯಗಳ ಮೇಲೆ ಪ್ರಸಂಗ ಕೇಳಿ ಬೆಳೆದ ನನಗೆ ಸಾವು ಬರೀ ಮಾತಿನಲ್ಲಿತ್ತು. ಕಣ್ಣಿಗೆ ಬಿದ್ದದ್ದು ಕೊಲ್ಮಾರಿನಲ್ಲಿ.

ಚಿತ್ರ ಸುಮಾರು ಮೂರು ಮೀಟರ್ ಅಗಲ. ಬರೆದವನು ಗ್ರ್ಯೂನೆವಾಲ್ಡ್. ಕಾಲ 1512ರಿಂದ 1516. ಹಿಂದೆ ಕಪ್ಪು ಆಕಾಶ. ಶಿಲುಬೆಯ ಅಡ್ಡಮರ ಭಾರಕ್ಕೆ ಬಗ್ಗಿದೆ. ನಾನು ಮೊದಲು ನೋಡಿದ್ದು ಕೈಬೆರಳುಗಳನ್ನು. ಮೊಳೆಯ ಸುತ್ತ ಹತ್ತೂ ಬೆರಳು ಸೆಟೆದು ಮೇಲಕ್ಕೆ ಚಾಚಿವೆ. ಪಾದ ಬಾತುಕೊಂಡಿದೆ, ಎರಡಕ್ಕೂ ಸೇರಿ ಒಂದೇ ಮೊಳೆ. ತುಟಿ ನೀಲಿಗಟ್ಟಿದೆ. ಆಮೇಲೆ ಚರ್ಮ. ಹತ್ತಿರ ಹೋಗಿ. ಮೈ ತುಂಬಾ ಸಣ್ಣ ಸಣ್ಣ ಮುಳ್ಳು ಮುರಿದು ಒಳಗೇ ಉಳಿದಿವೆ. ಒಂದೊಂದರ ಸುತ್ತಲೂ ಹುಣ್ಣು. ಮೈಬಣ್ಣವೇ ಹಸಿರಿಗೆ ತಿರುಗಿದೆ. ಡ್ರೆಸ್ಸಿಂಗ್ ಬಿಚ್ಚಿದ ಕೂಡಲೇ ಇದು ಕೆಟ್ಟಿದೆ ಅಂತ ನರ್ಸಿಗೆ ಗೊತ್ತಾಗುವ ಬಣ್ಣ ಅದು. ಚಾಟಿಯೇಟಿನ ಗಾಯ ಅಂತಷ್ಟೇ ನಾನು ಒಪ್ಪಲಾರೆ. ಇದು ರೋಗದ ಮೈ.

ಕಾರಣ ಇದೆ. ಈ ಆಲ್ಟರನ್ನು ಮಾಡಿಸಿದ್ದು ಈಸನ್‌ಹೈಮ್ ಎಂಬ ಊರಿನ ಅಂತೋನಿಯನ್ ಮಠಕ್ಕಾಗಿ. ಆ ಸನ್ಯಾಸಿಗಳ ಕೆಲಸವೇ ರೋಗಿಗಳನ್ನು ನೋಡಿಕೊಳ್ಳುವುದು. ರೋಗದ ಹೆಸರು ಸಂತ ಅಂತೋನಿಯ ಬೆಂಕಿ. ರೈ ಧಾನ್ಯಕ್ಕೆ ಎರ್ಗಾಟ್ ಎಂಬ ಬೂಷ್ಟು ಹತ್ತುತ್ತದೆ. ಆ ಹಿಟ್ಟಿನ ರೊಟ್ಟಿ ತಿಂದವರ ರಕ್ತನಾಳ ಬಿಗಿದುಕೊಂಡು, ಕೈಕಾಲು ಉರಿದು, ಕಪ್ಪಾಗಿ, ಕೊಳೆತುಹೋಗುತ್ತಿತ್ತು. ಮಠದಲ್ಲಿ ಒಳ್ಳೆಯ ರೊಟ್ಟಿ, ಮುಲಾಮು, ಸಂತನ ಅಸ್ಥಿ ಮುಟ್ಟಿಸಿದ ದ್ರಾಕ್ಷಾರಸ ಕೊಡುತ್ತಿದ್ದರು. ಕೈ ಮೀರಿದರೆ ಅಂಗ ಕತ್ತರಿಸುವುದು. ಬಂದ ರೋಗಿಗಳಿಗೆ ತೋರಿಸುತ್ತಿದ್ದ ಚಿತ್ರ ಇದು.

ಇಲ್ಲಿ ನನಗೆ ಮೈ ಜುಮ್ಮೆಂದದ್ದಕ್ಕೆ ಇನ್ನೊಂದು ಕಾರಣ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲೆಂದು ನಾವು ಕೊಡುತ್ತಿದ್ದ ಮೆಥರ್ಜಿನ್ ಇಂಜೆಕ್ಷನ್ ಇದೇ ಎರ್ಗಾಟ್ ಕುಲದ್ದು. ಗರ್ಭಕೋಶವನ್ನು ಬಿಗಿಸುವ ಅದರ ಗುಣವನ್ನೇ ಅಳತೆಯಲ್ಲಿ ಬಳಸಿದ್ದು. ಎರ್ಗಾಟಿನಿಂದ ಎರ್ಗೊಟಮಿನ್ ಬೇರ್ಪಡಿಸಿದ್ದು ಕೂಡ ಬಾಸೆಲ್‌ನ ಸ್ಯಾಂಡೋಜ್ ಕಂಪನಿಯಲ್ಲಿ, 1918ರಲ್ಲಿ, ಆರ್ಥರ್ ಸ್ಟೋಲ್. ಔಷಧಿ ಕಂಪನಿಯಲ್ಲೇ ಕೆಲಸ ಮಾಡುವ ಅಳಿಯನಿಗೆ ಇದು ಗೊತ್ತಿತ್ತು, ನಾನು ಹೇಳಿದ್ದು ಕೇಳಿ ಖುಷಿಪಟ್ಟ.

ಅಳಿಯ ಸಾಗರದವನು, ಹಿಂದೂ. ಒಳ್ಳೆಯ ಹುಡುಗ. ಪ್ರಶ್ನೆ ಕೇಳುವಾಗ ಮಾತ್ರ ಬಿಡುವುದಿಲ್ಲ. ಚಿತ್ರದ ಬಲಗಡೆ, ಯೇಸು ಬರುವುದನ್ನು ಮೊದಲೇ ಸಾರಿದ ಪ್ರವಾದಿ ಸ್ನಾನಿಕ ಯೋಹಾನ ನಿಂತಿದ್ದಾನೆ. ಒಂದು ಕೈಯಲ್ಲಿ ತೆರೆದ ಪುಸ್ತಕ, ಇನ್ನೊಂದು ಕೈಯ ಉದ್ದನೆ ತೋರುಬೆರಳು ಶಿಲುಬೆಯ ಕಡೆಗೆ. ಸತ್ಯವೇದದ (ಬೈಬಲಿನ) ಪ್ರಕಾರ ಯೇಸು ಶಿಲುಬೆಗೇರುವ ಹೊತ್ತಿಗೆ ಯೋಹಾನನನ್ನು ಹೆರೋದ ಕೊಲ್ಲಿಸಿ ಆಗಿತ್ತು. ಚಿತ್ರಗಾರ ಬೇಕೆಂದೇ ಕರೆತಂದು ನಿಲ್ಲಿಸಿದ್ದಾನೆ. ಅವನ ಕಾಲ ಬಳಿ ಒಂದು ಬಿಳಿ ಕುರಿಮರಿ. ಮುಂಗಾಲಲ್ಲಿ ಪುಟ್ಟ ಶಿಲುಬೆ ಹಿಡಿದಿದೆ. ಎದೆಯಿಂದ ರಕ್ತ ಚಿಮ್ಮಿ ಚಿನ್ನದ ಬಟ್ಟಲಿಗೆ ಬೀಳುತ್ತಿದೆ. ಪಕ್ಕದಲ್ಲಿ ಒಂದು ಪ್ರವಾಸಿ ಗುಂಪಿನ ಗೈಡ್ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ರೋಗದ ಬಗ್ಗೆ ಹೇಳಿದ, ಬಣ್ಣಗಳ ಬಗ್ಗೆ ಹೇಳಿದ. ಕುರಿಮರಿಗೆ ಬಂದಾಗ 'ಇದು ಬಲಿಯ ಸಂಕೇತ' ಅಂದು ಮುಗಿಸಿ ಗುಂಪನ್ನು ಮುಂದಕ್ಕೆ ಸಾಗಿಸಿದ. ಇಷ್ಟು ದೂರ ಬಂದು ಅಷ್ಟೇನಾ ಅನ್ನಿಸಿತು.

ಅಳಿಯನಿಗೂ ಅದೇ ಅನ್ನಿಸಿರಬೇಕು. "ಅತ್ತೆ, ಒಂದು ಕೇಳ್ಲಾ? ಪಾಪ ಕ್ಷಮಿಸೋಕೆ ಯಾರಾದ್ರೂ ಸಾಯಲೇಬೇಕಿತ್ತಾ? ದೇವರು ಸುಮ್ನೆ ಕ್ಷಮಿಸಿದ್ರೆ ಆಗ್ತಿರಲಿಲ್ವಾ? ನಮ್ಮೂರಲ್ಲಿ ಹಿಂದೆ ಮಾರಿ ಜಾತ್ರೆಗೆ ಕೋಣ ಕಡೀತಿದ್ರಂತೆ, ಹಾಗೇನಾ ಇದು?"

ಕೋಣದ ಮಾತು ತೆಗೆದದ್ದು ಒಳ್ಳೆಯದೇ ಆಯಿತು. ಅಲ್ಲಿ ಜನ ದೇವಿಗೆ ಕೊಡುತ್ತಾರೆ. ಇಲ್ಲಿ ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಅನ್ನುವುದೇ ತಿರುವುಮುರುವು. ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ದೇವರೇ ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನ ಜೊತೆ ರಾಜಿ ಮಾಡಿಕೊಂಡರು ಅನ್ನುತ್ತಾನೆ. ಕೋಪಗೊಂಡ ದೇವರನ್ನು ಸಮಾಧಾನ ಮಾಡಲು ಮೂರನೆಯವನೊಬ್ಬ ಬಂದು ಸತ್ತ ಅಂತ ತಿಳಿದರೆ ತ್ರಿಯೇಕ ದೇವರು, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು, ಅನ್ನುವ ಮಾತನ್ನೇ ಬಿಟ್ಟಹಾಗೆ. ಶಿಲುಬೆಯ ಮೇಲಿರುವವನು ದೇವರೇ. ನೊಂದವರೂ ಅವರೇ, ಬೆಲೆ ತೆತ್ತವರೂ ಅವರೇ.

"ಬೆಲೆ ಯಾಕೆ ಬೇಕಿತ್ತು ಅನ್ನೋದೇ ನನ್ನ ಪ್ರಶ್ನೆ" ಅಂದ.

ಅದಕ್ಕೆ ಕುರಿಮರಿಯಿಂದಲೇ ಶುರು ಮಾಡಿದೆ. ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಗುಲಾಮರಾಗಿದ್ದ ಇಸ್ರಾಯೇಲ್ಯರು ಹೊರಡುವ ರಾತ್ರಿ ಕುರಿಮರಿ ಕೊಯ್ದು ರಕ್ತವನ್ನು ಬಾಗಿಲ ಚೌಕಟ್ಟಿಗೆ ಹಚ್ಚಿದರು, ಆ ಮನೆಗಳನ್ನು ಸಾವು ದಾಟಿಹೋಯಿತು. ಅದೇ ಪಸ್ಕ ಹಬ್ಬ. ಯೇಸುವನ್ನು ಕೊಂದದ್ದು ಆ ಹಬ್ಬದ ಸಮಯದಲ್ಲೇ. ಆಮೇಲೆ ಸತ್ಯವೇದದ ಯಾಜಕಕಾಂಡ ಎಂಬ ಭಾಗದ 16ನೇ ಅಧ್ಯಾಯದಲ್ಲಿ ದೋಷಪರಿಹಾರದ ದಿನ. ವರ್ಷಕ್ಕೊಮ್ಮೆ ಎರಡು ಹೋತ. ಒಂದನ್ನು ಕೊಯ್ದು ಅದರ ರಕ್ತವನ್ನು ಮಹಾಯಾಜಕ ಒಳಗಿನ ಪವಿತ್ರ ಸ್ಥಳಕ್ಕೆ ಒಯ್ಯುತ್ತಿದ್ದ. ಇನ್ನೊಂದರ ತಲೆ ಮೇಲೆ ಕೈಯಿಟ್ಟು ಜನರ ಪಾಪಗಳನ್ನೆಲ್ಲ ಅರಿಕೆ ಮಾಡಿ ಅದನ್ನು ಕಾಡಿಗೆ ಅಟ್ಟುತ್ತಿದ್ದರು. ಪಾಪ ಹೊತ್ತ ಹೋತವನ್ನು ಬಲಿ ಕೊಡುತ್ತಿರಲಿಲ್ಲ ಅನ್ನುವುದನ್ನು ಗಮನಿಸಿ. ಕೊಯ್ದ ಹೋತದ ರಕ್ತ ಗುಡಿಯನ್ನು ಶುದ್ಧ ಮಾಡಲು. ರಕ್ತದಲ್ಲಿ ಪ್ರಾಣ ಇದೆ, ಅದಕ್ಕೇ ಅದನ್ನು ಯಜ್ಞವೇದಿಗೆ ಕೊಟ್ಟಿದ್ದೇನೆ ಅಂತ ಮುಂದಿನ ಅಧ್ಯಾಯವೇ ಹೇಳುತ್ತದೆ. ಪಾಪ ಅಂದರೆ ಸಾವಿನ ಸೋಂಕು, ಅದನ್ನು ತೊಳೆಯಲು ಪ್ರಾಣ ಬೇಕು. ಆ ಜನರ ಲೆಕ್ಕ ಇದು. ಬಲಿಪಶುವಿಗೆ ಶಿಕ್ಷೆ ಕೊಡುವ ವಿಚಾರ ಅಲ್ಲಿಲ್ಲ.

ಇನ್ನೊಂದು ವಿಷಯ ನಮ್ಮ ಪ್ರಸಂಗಗಳಲ್ಲಿ ಯಾರೂ ಹೇಳುವುದಿಲ್ಲ. ಪಾರಿವಾಳ ತರಲೂ ಗತಿಯಿಲ್ಲದ ಬಡವ ಪಾಪಪರಿಹಾರಕ್ಕೆ ಹಿಟ್ಟು ತಂದರೂ ಸಾಕು ಅಂತ ಯಾಜಕಕಾಂಡ 5ರಲ್ಲಿದೆ. ಬಲಿಗಿಂತ ಕರುಣೆಯೇ ನನಗಿಷ್ಟ ಅಂತ ಹೋಶೇಯ ಪ್ರವಾದಿಯ ಬಾಯಲ್ಲಿ ದೇವರು ಹೇಳುತ್ತಾರೆ. ಯೇಸು ಕೂಡ ಪಾರ್ಶ್ವವಾಯು ರೋಗಿಗೆ ನಿನ್ನ ಪಾಪ ಕ್ಷಮಿಸಲಾಗಿದೆ ಅಂದದ್ದು ಶಿಲುಬೆಗೆ ಎಷ್ಟೋ ಮುಂಚೆ. ಅಳಿಯ ಜೆಸ್ವಿಟ್ ಶಾಲೆಯಲ್ಲಿ ಓದಿದವನು, ಯೇಸು ಹೇಳಿದ ಕಳೆದುಹೋದ ಮಗನ ಕಥೆ, ಅಪ್ಪನ ಆಸ್ತಿಯ ಪಾಲು ಹಾಳುಮಾಡಿ ಮನೆಗೆ ಮರಳಿದ ಮಗನದು, ಅವನಿಗೆ ಬಾಯಿಪಾಠ. "ಅದರಲ್ಲಿ ಅಪ್ಪ ಯಾವ ಬಲೀನೂ ಕೇಳಲ್ಲ, ಓಡಿಹೋಗಿ ತಬ್ಕೋತಾನೆ" ಅಂದ. ಸರಿಯಾಗಿ ಹಿಡಿದ.

ನಾವು ಚಿಕ್ಕವರಿದ್ದಾಗ ಸಂಡೇ ಸ್ಕೂಲಿನಲ್ಲಿ ಕಲಿತದ್ದು ಕೋರ್ಟಿನ ಲೆಕ್ಕ. ನಾವು ಅಪರಾಧಿಗಳು, ದೇವರು ನ್ಯಾಯಾಧೀಶ, ಶಿಕ್ಷೆ ಯೇಸು ಅನುಭವಿಸಿದ, ಫೈಲು ಮುಚ್ಚಿತು. ಇದು ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಗಟ್ಟಿ ಮಾಡಿದ ದಾರಿ. ಅವನ ಮುಖ್ಯ ಗ್ರಂಥದ ಮೊದಲ ಮುದ್ರಣ ಆದದ್ದೂ ಬಾಸೆಲ್‌ನಲ್ಲೇ, 1536ರಲ್ಲಿ. ಅದಕ್ಕೂ ಮೊದಲು, 1098ರ ಹೊತ್ತಿಗೆ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ಬೇರೆ ಥರ ಹೇಳಿದ್ದ. ಮನುಷ್ಯ ದೇವರಿಗೆ ಸಲ್ಲಬೇಕಾದ ಗೌರವ ಕಿತ್ತುಕೊಂಡ. ತೀರಿಸಬೇಕಾದವನು ಮನುಷ್ಯ, ತೀರಿಸುವ ಶಕ್ತಿ ದೇವರಿಗೆ ಮಾತ್ರ, ಹಾಗಾಗಿ ದೇವರೇ ಮನುಷ್ಯನಾದ. ಅವನ ನಂತರದ ಧರ್ಮಪಂಡಿತ ಅಬೆಲಾರ್ಡ್, ಆ ಪ್ರೀತಿ ಕಂಡು ನಮ್ಮ ಹೃದಯ ತಿರುಗುತ್ತದೆ, ಅದೇ ಬಿಡುಗಡೆ ಅಂದ. ಇನ್ನೂ ಹಳಬರು ಸೈತಾನನ ಸೆರೆಯಿಂದ ನಮ್ಮನ್ನು ಬಿಡಿಸಲು ಅವನಿಗೆ ಕೊಟ್ಟ ಈಡು ಅಂದಿದ್ದರು. ಕಳ್ಳನಿಗೆ ಯಾಕೆ ದುಡ್ಡು ಕೊಡಬೇಕು ಅಂತ ನಾಜಿಯಾನ್ಜಸ್‌ನ ಬಿಷಪ್ ಗ್ರೆಗರಿ ನಾಲ್ಕನೇ ಶತಮಾನದಲ್ಲೇ ಸಿಟ್ಟಾಗಿದ್ದ. ಇವುಗಳಲ್ಲಿ ಯಾವುದನ್ನೂ ಬಹುತೇಕ ಕ್ರೈಸ್ತರು ಒಪ್ಪುವ ಹಳೆಯ ನೈಸೀಯ ವಿಶ್ವಾಸ ಪ್ರಮಾಣ ಕಡ್ಡಾಯ ಮಾಡಿಲ್ಲ. ನಮಗೋಸ್ಕರ ಶಿಲುಬೆಗೇರಿದ ಅಂತಷ್ಟೇ ಇದೆ. ಹೇಗೆ ಅನ್ನುವುದನ್ನು ಬಿಟ್ಟುಬಿಟ್ಟಿದ್ದಾರೆ.

ಅದೇ ಗ್ರೆಗರಿಯ ಇನ್ನೊಂದು ಮಾತು ಈ ಚಿತ್ರಕ್ಕೆ ಸರಿಯಾಗಿ ಕೂರುತ್ತದೆ. ಕ್ರಿಸ್ತ ಯಾವುದನ್ನು ತನ್ನ ಮೇಲೆ ತೆಗೆದುಕೊಳ್ಳಲಿಲ್ಲವೋ ಅದು ವಾಸಿಯಾಗಿಲ್ಲ. ಗ್ರ್ಯೂನೆವಾಲ್ಡ್ ಬರೆದದ್ದು ಅದನ್ನೇ. ಈಸನ್‌ಹೈಮಿನಲ್ಲಿ ಮಲಗಿದ್ದವನಿಗೆ ಯಾವ ರೋಗವೋ ಶಿಲುಬೆಯ ಮೇಲಿನವನಿಗೂ ಅದೇ ರೋಗ. ಕಾಲು ಕತ್ತರಿಸಲು ಎತ್ತಿಕೊಂಡು ಹೋಗುವ ಮುಂಚೆ ಆ ಮನುಷ್ಯ ಇದನ್ನು ನೋಡಿದ್ದಾನೆ ಅಂದುಕೊಳ್ಳಿ. ಕೋರ್ಟು, ಫೈಲು ಅವನಿಗೆ ಏನು ಉಪಯೋಗ?

ಹಾಗಂತ ಕುರಿಮರಿಯನ್ನು ತೆಗೆದುಹಾಕಿದರೂ ಚಿತ್ರ ನಿಲ್ಲುವುದಿಲ್ಲ. ಇದೇ ನನ್ನ ಅಭಿಪ್ರಾಯ, ಒಪ್ಪದಿದ್ದರೆ ಬಿಡಿ. ವಾರ್ಡಿನಲ್ಲಿ ಜೊತೆಗೆ ಕೂತು ಅಳುವವರು ಬೇಕು, ಅಷ್ಟರಿಂದ ಜ್ವರ ಇಳಿಯುವುದಿಲ್ಲ. ಯೇಸು ನಮ್ಮ ನೋವಿನಲ್ಲಿ ಪಾಲು ತೆಗೆದುಕೊಂಡ ಅಂತ ಮಾತ್ರ ಹೇಳಿದರೆ, ನಾನು ಇನ್ನೊಬ್ಬರಿಗೆ ಮಾಡಿದ ಅನ್ಯಾಯ ಏನಾಯಿತು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಕ್ಷಮಿಸುವವನ ಮೇಲೆ ಆ ಅನ್ಯಾಯದ ಭಾರ ಬಿದ್ದೇ ಬೀಳುತ್ತದೆ. ಕಥೆಯ ಅಪ್ಪ ಬಲಿ ಕೇಳಲಿಲ್ಲ, ನಿಜ. ಅವನ ಆಸ್ತಿಯ ಪಾಲು ಹೋಯಿತು, ಮಾನ ಹೋಯಿತು, ಊರೆಲ್ಲ ನೋಡುತ್ತಿರುವಾಗ ಮುದುಕ ರಸ್ತೆಯಲ್ಲಿ ಓಡಿದ, ದೊಡ್ಡ ಮಗ ಮುನಿಸಿಕೊಂಡು ಹೊರಗೇ ನಿಂತ. ಮಗನಿಗೆ ಬಿಟ್ಟಿ. ಅಪ್ಪನಿಗೆ ಬಿಟ್ಟಿಯಲ್ಲ. ಆ ಭಾರವನ್ನು ದೇವರು ಕೊನೆತನಕ, ಸಾಯುವ ತನಕ ಹೊತ್ತರು, ಇನ್ನು ಅದನ್ನು ಹೊರಿಸಲು ಯಾರೂ ಯಾವ ಪಶುವನ್ನೂ ತರಬೇಕಿಲ್ಲ. ಹೋರಿ ಹೋತಗಳ ರಕ್ತಕ್ಕೆ ಪಾಪ ತೆಗೆಯುವ ಶಕ್ತಿ ಇರಲಿಲ್ಲ ಅಂತ ಇಬ್ರಿಯರಿಗೆ ಬರೆದ ಪತ್ರ ಹೇಳುವುದೂ ಇದಕ್ಕೇ.

ಅಳಿಯ ತಲೆಯಾಡಿಸಿದ. "ಭಾರ ಹೊರೋದು ಅರ್ಥ ಆಯ್ತು ಅತ್ತೆ. ಸಾಯಲೇಬೇಕಿತ್ತು ಅನ್ನೋದು ಇನ್ನೂ ಪೂರ್ತಿ ಒಪ್ಪಿಗೆ ಆಗಿಲ್ಲ" ಅಂದ. ನಾನು ಬಲವಂತ ಮಾಡಲಿಲ್ಲ. ಬಾಸೆಲ್‌ನಲ್ಲಿದ್ದ ದೊಡ್ಡ ಧರ್ಮಪಂಡಿತ ಕಾರ್ಲ್ ಬಾರ್ತ್ ಈ ಚಿತ್ರದ ಪ್ರತಿಯನ್ನು ತನ್ನ ಬರೆಯುವ ಮೇಜಿನ ಮೇಲ್ಗಡೆ ತೂಗುಹಾಕಿಕೊಂಡಿದ್ದ. ತೀರ್ಪು ಕೊಡಬೇಕಾದ ನ್ಯಾಯಾಧೀಶನೇ ಕಟಕಟೆಗೆ ಇಳಿದು ತೀರ್ಪನ್ನು ತನ್ನ ಮೇಲೆ ತೆಗೆದುಕೊಂಡ ಅನ್ನುವುದು ಅವನ ವಾದ. ನಮ್ಮ ಸಂಡೇ ಸ್ಕೂಲಿನ ಕೋರ್ಟಿಗಿಂತ ಇದು ಎಷ್ಟೋ ವಾಸಿ. ಆದರೂ ಸಾವಿರಾರು ಪುಟ ಬರೆದ ಮನುಷ್ಯ ಕಣ್ಣೆತ್ತಿದರೆ ಕಾಣುತ್ತಿದ್ದದ್ದು ಯೋಹಾನನ ಆ ಬೆರಳು.

ಇಷ್ಟಕ್ಕೇ ಹೊರಗೆ ಬರಬೇಡಿ. ಹಿಂದೆ ಈ ಆಲ್ಟರ್ ಕಪಾಟಿನ ಬಾಗಿಲುಗಳ ಹಾಗೆ ಪದರ ಪದರವಾಗಿ ತೆರೆಯುತ್ತಿತ್ತು. ಈಗ ಪದರಗಳನ್ನು ಬಿಡಿಸಿ ಒಂದರ ಹಿಂದೆ ಒಂದು ನಿಲ್ಲಿಸಿದ್ದಾರೆ, ಸುತ್ತ ನಡೆದು ನೋಡಬಹುದು. ಶಿಲುಬೆಯ ಚಿತ್ರದ ಹಿಂದೆ ಪುನರುತ್ಥಾನ ಇದೆ. ಅದೇ ಮೈ. ಹುಣ್ಣು ಒಂದೂ ಇಲ್ಲ, ಚರ್ಮ ಮಗುವಿನ ಹಾಗೆ ನುಣ್ಣಗಿದೆ. ಮೊಳೆಯ ಗಾಯ ಮಾತ್ರ ಹಾಗೇ ಉಳಿದಿದೆ. ಹಬ್ಬದ ದಿನಗಳಲ್ಲಿ ರೋಗಿಗಳಿಗೆ ಕಾಣುತ್ತಿದ್ದದ್ದು ಇದು.

ಕೊನೆಯ ಪದರದಲ್ಲಿ ಸಂತ ಅಂತೋನಿಯನ್ನು ದೆವ್ವಗಳು ಎಳೆದಾಡುವ ಚಿತ್ರ. ಎಡಗಡೆ ಕೆಳಗೆ ಹೊಟ್ಟೆ ಊದಿ, ಮೈಯೆಲ್ಲ ಹುಣ್ಣಾದ ಒಂದು ಜೀವಿ ಒರಗಿದೆ. ಬಲಗಡೆ ಕೆಳಗಿನ ಮೂಲೆಯಲ್ಲಿ ಒಂದು ಚೀಟಿ ಬರೆದಿದ್ದಾನೆ, ಲ್ಯಾಟಿನ್ನಿನಲ್ಲಿ. ಒಳ್ಳೆಯ ಯೇಸುವೇ, ಎಲ್ಲಿದ್ದೆ, ಎಲ್ಲಿದ್ದೆ, ನನ್ನ ಗಾಯ ವಾಸಿಮಾಡಲು ಯಾಕೆ ಬರಲಿಲ್ಲ ಅಂತ. ಬಹಳ ಜನ ಅದನ್ನು ನೋಡದೆ ಹೋಗುತ್ತಾರೆ. ನನ್ನ ಅಳಿಯ ಅತಿ ಹೆಚ್ಚು ಹೊತ್ತು ನಿಂತದ್ದು ಆ ಚೀಟಿಯ ಮುಂದೆ.

ಉಳಿದದ್ದು ಬೇಗ ಹೇಳುತ್ತೇನೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಗುಂಪುಗಳು ಜಾಸ್ತಿ. ಚಾಪೆಲ್ ಒಳಗೆ ತಣ್ಣಗಿರುತ್ತದೆ, ಸ್ವೆಟರ್ ಇರಲಿ. ಆಲ್ಟರ್ ಹೇಗೆ ತೆರೆಯುತ್ತಿತ್ತು ಅನ್ನುವುದಕ್ಕೆ ಪುಟ್ಟ ಮಾದರಿಗಳಿವೆ, ಮೊದಲು ಅದನ್ನು ನೋಡಿದರೆ ಗೊಂದಲ ಆಗುವುದಿಲ್ಲ. ಮಕ್ಕಳನ್ನು ಕರೆದೊಯ್ದರೆ ನೇರ ಪುನರುತ್ಥಾನದ ಕಡೆಗೆ ನಡೆಸಿ, ಅಲ್ಲೇ ಪಿಟೀಲು ಬಾರಿಸುವ ದೇವದೂತರೂ ಇದ್ದಾರೆ. ಹೊರಗೆ ನಾವು ಕಾಫಿ ಕುಡಿದ ಕೆಫೆಗೆ ಅರ್ಧ ನಕ್ಷತ್ರವೂ ದಂಡ, ಹೆಸರು ಹೇಳುವುದಿಲ್ಲ, ಫ್ಲಾಸ್ಕಿನಲ್ಲಿ ಮನೆಯಿಂದಲೇ ತನ್ನಿ. ಮತ್ತೆ, ಮಂಗಳವಾರ ಹೋಗಬೇಡಿ. ಮ್ಯೂಸಿಯಂ ರಜೆ.